ಕರಕ್ ಎಂದದ್ದು ಯಾವುದು

ಬೈಕಿನ ಹಿಂದಿನ ಚಕ್ರ ಆಗಷ್ಟೇ ನೆಲ ಬಿಟ್ಟಿತ್ತು. ಗುಬ್ಬಿ ಜಾಕಿನ ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಿದಳು. ಕೆಳಗೆಲ್ಲೋ ಕರಕ್ ಎಂದಿತು.

ದೊಡ್ಡ ಶಬ್ದವೇನಲ್ಲ. ಒಣಗಿದ ಎಲೆಯ ಮೇಲೆ ಯಾರೋ ಕಾಲಿಟ್ಟಂತೆ, ಅಷ್ಟೇ. ಆದರೆ ಶೆಡ್ಡಿನಲ್ಲಿದ್ದ ನಾಲ್ಕೂ ಜನ ಇದ್ದಲ್ಲೇ ನಿಂತೆವು.

"ಹಲಗೆ," ಎಂದರು ನನ್ನ ಗಂಡ.

"ಹಲಗೆ ಅಲ್ಲ ಅಣ್ಣ, ಜಾಕಿನ ತಿರುಪು," ಎಂದಳು ಗುಬ್ಬಿ. "ಎಣ್ಣೆ ಮುಖ ನೋಡಿ ಎಷ್ಟು ಕಾಲ ಆಯ್ತೋ ಅದು."

ನನಗೆ ಮಾತ್ರ ಶಬ್ದ ಬೈಕಿನಿಂದಲೇ ಬಂದಂತೆ ಅನಿಸಿತು. ಅದೂ ಎಡಗಡೆಯಿಂದ. ಮಾವನ ಕಡೆ ನೋಡಿದೆ. ಅವರು ಸ್ಟೂಲಿನಿಂದ ಅರ್ಧ ಎದ್ದವರು ಮತ್ತೆ ಕೂತರು.

"ಏನು?" ಎಂದರು. "ನನಗೇನೂ ಕೇಳಿಸಲಿಲ್ಲಪ್ಪ."

ಅಡುಗೆಮನೆಯಲ್ಲಿ ಚಮಚ ಬಿದ್ದರೆ ಯಾವ ಚಮಚ ಎಂದು ನಡುಮನೆಯಿಂದಲೇ ಹೇಳಬಲ್ಲ ಮನುಷ್ಯ ಅವರು. ಹಾಗಾದರೆ ಅರ್ಧ ಎದ್ದಿದ್ದು ಯಾಕೆ?

ಗುಬ್ಬಿ ನನ್ನ ನಾದಿನಿ. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳಂತೆ, ಅದಕ್ಕೆ ಆ ಹೆಸರು. ಈಗ ಹೋರಿಯ ಮೂಗುದಾರ ಹಿಡಿದು ನಿಲ್ಲಿಸುವಷ್ಟಾಗಿದ್ದಾಳೆ. ದನಕರುಗಳಿಗೆ ಲಸಿಕೆ ಹಾಕುವ ಕೆಲಸ ಸಿಕ್ಕಿತ್ತು. ಸ್ವಂತ ಗಾಡಿ ಇರಬೇಕು ಎಂದಿದ್ದರು. ಮಾವ ಹಿಂದುಮುಂದು ನೋಡದೆ ತಮ್ಮ ಬೈಕನ್ನು ಅವಳಿಗೆ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಹೊರಡಬೇಕು. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಕಲ್ಲುದಾರಿ, ಹಿಂದೆ ಲಸಿಕೆಯ ಭಾರದ ತಂಪುಪೆಟ್ಟಿಗೆ, ಇಳಿಜಾರು, ಒಬ್ಬಳೇ. ಆ ದಾರಿಗೆ ಸವೆದ ಟೈರು ಆಗದು ಎಂದು ಹೊಸ ಟೈರು ತಂದಿದ್ದೆವು. ಸೆಂಟರ್ ಸ್ಟ್ಯಾಂಡ್ ಮುರಿದಿದ್ದರಿಂದ ಎದುರುಮನೆಯ ಲಾರಿ ಡ್ರೈವರ್ ಹತ್ತಿರ ಜಾಕ್ ಕೇಳಿ ತಂದಿದ್ದೆವು.

ಆ ಬೈಕಿನ ಎಂಜಿನ್ ಕೆಳಗೆ ಚೌಕಟ್ಟಿನ ಎರಡು ಕೊಳವೆಗಳು ಅಕ್ಕಪಕ್ಕ ಹಾದುಹೋಗುತ್ತವೆ. ಇಡೀ ಎಂಜಿನ್ ಕೂತಿರುವುದು ಅವುಗಳ ತೊಡೆಯ ಮೇಲೆ. ಜಾಕಿನ ಕಬ್ಬಿಣದ ತಲೆ ನೇರವಾಗಿ ತಾಗಿದರೆ ಬಣ್ಣ ಏಳುತ್ತದೆ, ಕೊಳವೆಯೂ ನೆಗ್ಗಬಹುದು. ಆದ್ದರಿಂದ ಎರಡೂ ಕೊಳವೆಗಳಿಗೆ ಒಟ್ಟಿಗೆ ಆಸರೆಯಾಗುವಷ್ಟು ಅಗಲದ ಹಲಗೆಯನ್ನು ನಾನೇ ಹುಡುಕಿದ್ದೆ. ಅದರ ಮೇಲೆ ಹಳೆಯ ಟ್ಯೂಬಿನ ರಬ್ಬರ್ ಹೊದಿಸಿ, ಮೊಳೆಗಳನ್ನು ಹಲಗೆಯ ಪಕ್ಕಕ್ಕೆ ಹೊಡೆದಿದ್ದೆ, ಮೇಲೆ ಒಂದೂ ಚುಚ್ಚಬಾರದೆಂದು. ನನ್ನ ಗಂಡ ಅದನ್ನೆಲ್ಲ ನೋಡುತ್ತ, "ಬೈಕ್ ಎತ್ತೋದಾ, ಬಾಣಂತಿ ಎತ್ತೋದಾ?" ಎಂದಿದ್ದರು.

ಅಷ್ಟೆಲ್ಲ ಮಾಡಿದ ಮೇಲೂ ಕರಕ್ ಎಂದಿತ್ತು.

ನಾನು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಗೊಂದಲಕ್ಕೆ ಒಂದು ಮದ್ದಿದೆ. ಒಂದೊಂದನ್ನೇ ಬೇರ್ಪಡಿಸಿ ನೋಡುವುದು. ಬೈಕನ್ನು ಇಳಿಸಿ ಪಕ್ಕದ ಸ್ಟ್ಯಾಂಡಿಗೆ ಒರಗಿಸಿದೆವು. ಜಾಕಿನ ಮೇಲೆ ಹಲಗೆಯನ್ನಷ್ಟೇ ಇಟ್ಟು, ಅದರ ಮೇಲೆ ನಿಲ್ಲಲು ಗಂಡನಿಗೆ ಹೇಳಿದೆ.

"ನಾನು?"

"ಮನೇಲಿ ಬೇರೆ ಭಾರದ ವಸ್ತು ಇಲ್ಲ."

ಅವರು ಶೆಡ್ಡಿನ ತೊಲೆ ಹಿಡಿದು ಹಲಗೆಯ ಮೇಲೆ ನಿಂತರು. ಗುಬ್ಬಿ ತಿರುಗಿಸಿದಳು. ಅವರು ಒಂದು ಗೇಣು ಮೇಲೇರಿದರು. ಹಲಗೆ ಸದ್ದು ಮಾಡಲಿಲ್ಲ, ಜಾಕೂ ಮಾಡಲಿಲ್ಲ. "ಇಳಿಸೇ, ಮೇಲಿಂದ ಜಗತ್ತೆಲ್ಲ ಸಣ್ಣದಾಗಿ ಕಾಣ್ತಿದೆ," ಎಂದರು.

ಹಾಗಾದರೆ ಬೈಕೇ ಎಂದುಕೊಂಡು ಮತ್ತೆ ಅದನ್ನು ಎತ್ತಿದೆವು. ಮೊದಲಿಗಿಂತ ಹೆಚ್ಚು ಎತ್ತಿದೆವು. ಬೈಕೂ ತುಟಿಪಿಟಕ್ಕೆನ್ನಲಿಲ್ಲ.

"ಸರಿ ಹೋಯ್ತು. ಶಬ್ದ ಮಾಡಿದೋರು ಯಾರೂ ಇಲ್ಲ," ಎಂದರು ಗಂಡ. "ಎಲ್ಲರೂ ಸಾಚಾ."

ಬೈಕು ಬಲಕ್ಕೆ ತುಸು ವಾಲಿದಂತೆ ನನಗೆ ಕಂಡಿತು. ಟೇಪು ತಂದು ಹ್ಯಾಂಡಲಿನ ಎರಡೂ ತುದಿಗಳಿಂದ ನೆಲಕ್ಕೆ ಅಳೆದೆ. ಬಲದ ತುದಿ ಕೊಂಚ ತಗ್ಗಿನಲ್ಲಿತ್ತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಗುಬ್ಬಿ, "ಅತ್ತಿಗೆ, ಈ ಶೆಡ್ಡಿನ ನೆಲಾನೇ ಬಲಕ್ಕೆ ಇಳಿಜಾರು. ತೊಳೆದ ನೀರು ಯಾವತ್ತೂ ಆ ಮೂಲೆಗೇ ಓಡೋದು," ಎಂದಳು. ನಿಜ. ಎತ್ತುವ ಮೊದಲು ನಾನು ಅಳೆದಿರಲಿಲ್ಲ. ಮೊದಲಿನ ಅಳತೆ ಇಲ್ಲದ ಎರಡನೆಯ ಅಳತೆ ಅನಾಥ ಮಗುವಿನಂತೆ. ಅದು ಯಾರ ಕಡೆಯದೆಂದು ಹೇಳಲಾಗದು.

ಇನ್ನೊಂದು ತೊಡಕೂ ಇತ್ತು. ಜಾಕು ಹಲಗೆಯ ನಟ್ಟನಡುವೆ ಇರಲಿಲ್ಲ, ಎಡಕ್ಕೆ ಸರಿದಿತ್ತು. ಹೆಚ್ಚು ಭಾರ ಬಿದ್ದದ್ದು ಎಡದ ಕೊಳವೆಗೆ ಎಂದು ಎಲ್ಲರಿಗೂ ತೋರಿಸಿದೆ. ನಾನು ಶಬ್ದ ಕೇಳಿದ್ದೂ ಎಡದಿಂದ. ಆದರೆ ನಾನು ಕೂತದ್ದೇ ಎಡಗಡೆ. ಎಡಗಡೆ ಕೂತವರಿಗೆ ಎಲ್ಲ ಶಬ್ದವೂ ಎಡದ್ದೇ ಆಗುತ್ತದೇನೋ. ವಾಲಿದ್ದು ಬಲಕ್ಕೆ, ಭಾರ ಎಡಕ್ಕೆ, ಶಬ್ದ ಒಂದೇ ಸಲ. ಯಾವ ಎರಡನ್ನು ಜೋಡಿಸಿದರೂ ಮೂರನೆಯದು ಹೊರಗುಳಿಯುತ್ತಿತ್ತು.

"ಬಗ್ಗಿ ನೋಡಿದ್ರೆ ಆಯ್ತಲ್ಲ," ಎಂದು ಯಾರಾದರೂ ಹೇಳಬಹುದು. ಬಗ್ಗಿ ನೋಡಿದರೆ ಕಾಣುವುದು ಕೊಳವೆಯಲ್ಲ, ಕವರು.

ಮಾವ ಕುಷನ್ ಕೆಲಸದವರು. ಕೈ ನಡುಗಲು ಶುರುವಾಗುವ ತನಕ ಸೋಫಾ, ಕುರ್ಚಿ, ಬಸ್ಸಿನ ಸೀಟು ಎಲ್ಲಕ್ಕೂ ಹೊದಿಕೆ ಹೊಲಿದವರು. ನಮ್ಮ ಮನೆಯಲ್ಲಿ ಬೆತ್ತಲೆ ವಸ್ತುವೇ ಇಲ್ಲ. ರಿಮೋಟಿಗೆ ಕವರು, ಮಿಕ್ಸಿಗೆ ಕವರು, ಸ್ಟೂಲಿನ ನಾಲ್ಕು ಕಾಲಿಗೆ ನಾಲ್ಕು ಕಾಲುಚೀಲ. "ಅಪ್ಪನಿಗೆ ಬಿಟ್ರೆ ಮಳೆಗೂ ಕವರ್ ಹೊಲಿತಾರೆ," ಎನ್ನುತ್ತಾರೆ ನನ್ನ ಗಂಡ. ಹಿಂದೊಮ್ಮೆ ಯಾವುದೋ ಗ್ಯಾರೇಜಿನಲ್ಲಿ ಬೈಕನ್ನು ಬರಿ ಜಾಕಿನ ಮೇಲೆ ಎತ್ತಿ, ಕೊಳವೆಯ ಬಣ್ಣ ಎಬ್ಬಿಸಿದ್ದರಂತೆ. ಮಾವ ಆ ಗ್ಯಾರೇಜಿನ ದಾರಿಯನ್ನೇ ಬಿಟ್ಟರು. ಎದ್ದ ಜಾಗಕ್ಕೆ ಬಣ್ಣ ಹಚ್ಚಿ, ಎರಡೂ ಕೊಳವೆಗೆ ದಪ್ಪ ಉಣ್ಣೆಬಟ್ಟೆ ಸುತ್ತಿ, ಮೇಲೆ ಕಪ್ಪು ರೆಕ್ಸಿನ್ ಹೊದಿಸಿ ಹೊಲಿದರು. ಇನ್ನು ಯಾರು ಹೇಗೆ ಎತ್ತಿದರೂ ಗೀರು ಬೀಳದು.

ಎಡದ ಕವರನ್ನು ಹೊಲಿದದ್ದು ಮಾವ, ಬಲದ್ದನ್ನು ಗುಬ್ಬಿ. ಅವಳಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಅವಳ ಮೊದಲ ಹೊಲಿಗೆ ಅದು, ಡೊಂಕುಸೂಜಿಯಲ್ಲಿ ಹಾಕಿದ್ದು. ಈ ಮನೆಗೆ ಯಾರು ಹೊಸದಾಗಿ ಬಂದರೂ ಅವರನ್ನು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿ, "ಯಾವುದು ಅಪ್ಪಂದು, ಯಾವುದು ಮಗಳದು, ಹೇಳಿ ನೋಡೋಣ," ಎಂದು ಕೇಳುವುದು ವಾಡಿಕೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನೂ ಕೂರಿಸಿದ್ದರು. ಎಡದ ಕವರಿನ ತಳದಲ್ಲಿ ಹೊಲಿಗೆಯ ಸಾಲು ಕಾಣುತ್ತಿತ್ತು. ಬಲದ್ದರಲ್ಲಿ ಹೊಲಿಗೆಯೇ ಕಾಣಲಿಲ್ಲ, ಹಾವಿನ ಮೈಯಂತೆ ನುಣುಪಾಗಿತ್ತು. ಬಲದ್ದೇ ಮಾವನದು ಎಂದಿದ್ದೆ. ಗುಬ್ಬಿ ಚಪ್ಪಾಳೆ ತಟ್ಟಿ ಕುಣಿದಿದ್ದಳು. ಮಾವ ನಕ್ಕಿದ್ದರು. ಕುಷನ್ ಕೆಲಸದ ಮೊದಲ ಪಾಠವೇ ಹೊಲಿಗೆ ಕಾಣಬಾರದು ಎಂಬುದು. ಅಪ್ಪನನ್ನು ಮೀರಿಸಿದ ಮಗಳು ಎಂದು ಮನೆಯಲ್ಲಿ ಮಾತಾಗಿತ್ತು.

ಈಗ ಆ ಕವರುಗಳನ್ನು ಬೆರಳಿನಿಂದ ಒತ್ತಿ ನೋಡಿದೆ. ಎರಡೂ ಮೆತ್ತಗೆ. ಒಳಗಿನ ಉಣ್ಣೆಬಟ್ಟೆ ಎಲ್ಲವನ್ನೂ ಮೆತ್ತಗೆ ಮಾಡಿತ್ತು. ಒಳಗೆ ಕೊಳವೆ ಇದೆಯೋ ಬಾಳೆದಿಂಡು ಇದೆಯೋ ತಿಳಿಯುವಂತಿರಲಿಲ್ಲ.

"ಬಿಚ್ಚಿ ನೋಡೋಣ ಮಾವ," ಎಂದೆ.

"ಯಾಕೆ?"

"ಒಳಗೆ ಕೊಳವೆ ಬಿರುಕು ಬಿಟ್ಟಿದ್ರೆ? ಗುಬ್ಬಿ ನಾಳೆ ಕಲ್ಲುದಾರೀಲಿ ಹೋಗೋಳು. ಇಳಿಜಾರಲ್ಲಿ ಕೊಳವೆ ಕೈಕೊಟ್ರೆ ಎಂಜಿನ್ನೇ ಜೋತು ಬೀಳತ್ತೆ."

"ಶಬ್ದಾನೇ ಆಗಲಿಲ್ಲ ಅಂದೆನಲ್ಲಮ್ಮ."

"ನಾವು ಮೂರು ಜನ ಕೇಳಿದೀವಿ."

"ಮೂರು ಜನ ಮೂರು ಕಡೆ ಕೇಳಿದೀರಿ." ಅವರು ಪಂಚೆಯ ಅಂಚನ್ನು ಸರಿಮಾಡಿಕೊಂಡರು. "ಬಿಚ್ಚಿದ್ರೆ ಮತ್ತೆ ಹೊಲಿಯೋರು ಯಾರು? ಈ ಕೈಯಲ್ಲಿ ಸೂಜಿ ನಿಲ್ಲತ್ತಾ?" ಎಂದು ಬಲಗೈ ಚಾಚಿ ತೋರಿಸಿದರು. ಅದು ಗಾಳಿಗೆ ಸಿಕ್ಕ ಎಲೆಯಂತೆ ಅಲುಗುತ್ತಿತ್ತು.

"ನಾನು ಹೊಲಿತೀನಿ ಬಿಡಪ್ಪ," ಎಂದಳು ಗುಬ್ಬಿ.

"ಅಂಥ ರೆಕ್ಸಿನ್ ಈಗ ಸಿಗಲ್ಲ."

"ಇದನ್ನೇ ತಿರುಗಿ ಹೊಲಿಯೋದು."

"ಹಳೇ ತೂತಲ್ಲಿ ಹೊಸ ದಾರ ನಿಲ್ಲಲ್ಲ." ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, "ನಾನು ಬದುಕಿದ್ದಾಗಲೇ ನನ್ನ ಕೆಲಸ ಕತ್ತರಿಸ್ತೀರಾ?" ಎಂದರು.

ಕೇಳಿಸಲೇ ಇಲ್ಲ, ಕೈ ನಡುಗುತ್ತದೆ, ರೆಕ್ಸಿನ್ ಸಿಗುವುದಿಲ್ಲ, ದಾರ ನಿಲ್ಲುವುದಿಲ್ಲ. ಒಂದು ಕಾರಣಕ್ಕೆ ಉತ್ತರ ಸಿಕ್ಕರೆ ಇನ್ನೊಂದು ಕಾರಣ ಹಾಜರಿ. ಮಗಳ ಸೈಕಲ್ಲಿನ ಬ್ರೇಕನ್ನು ವಾರಕ್ಕೊಮ್ಮೆ ಹಿಡಿದು ನೋಡುತ್ತಿದ್ದ ಮನುಷ್ಯನಿಗೆ ಇವತ್ತು ಮಗಳಿಗಿಂತ ಹೊಲಿಗೆ ಹೆಚ್ಚಾಯಿತೇ? ನನಗೆ ಶಬ್ದಕ್ಕಿಂತ ಅವರೇ ಹೆಚ್ಚು ಗೊಂದಲ ತಂದರು.

ಗುಬ್ಬಿಯ ತಾಳ್ಮೆ ತೀರಿತ್ತು. "ಅತ್ತಿಗೆ, ನೀವಿಬ್ಬರೂ ಮಾತಾಡ್ತಾ ಇರಿ. ನನಗೆ ಟೈರ್ ಹಾಕಬೇಕು, ಚೈನ್ ಬಿಗಿ ಮಾಡಬೇಕು, ಬಟ್ಟೆ ತುಂಬಬೇಕು. ಹಳೇ ಗಾಡಿ, ಮೈ ಮುರಿದಿದೆ. ನಾವು ಬೆಳಿಗ್ಗೆ ಎದ್ದಾಗ ಮುರಿಯಲ್ವಾ?"

"ಬಿಚ್ಚದೆ ನಾನು ಕಳಿಸಲ್ಲ," ಎಂದೆ. ಅಷ್ಟು ಗಟ್ಟಿಯಾಗಿ ಹೇಳಬೇಕೆಂದು ನಾನೂ ಅಂದುಕೊಂಡಿರಲಿಲ್ಲ.

ಗಂಡ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಅಪ್ಪನ ಪರ ನಿಲ್ಲಬೇಕೋ ಹೆಂಡತಿಯ ಪರವೋ ತಿಳಿಯದಾಗಲೆಲ್ಲ ಅವರು ಕೈಯಲ್ಲಿದ್ದ ವಸ್ತುವನ್ನು ಹೀಗೇ ಬದಲಿಸುತ್ತಾರೆ.

ಕೊನೆಗೆ ಮಾವ, "ಎಡದ್ದು ಬಿಚ್ಚಿ," ಎಂದರು. "ನೀನೇ ಹೇಳಿದ್ಯಲ್ಲಮ್ಮ, ಭಾರ ಎಡಕ್ಕೆ ಬಿದ್ದಿದ್ದು ಅಂತ. ನನ್ನ ಹೊಲಿಗೆ. ನಾನೇ ಹೇಳ್ತಿದೀನಿ, ಬಿಚ್ಚಿ."

ನನ್ನ ಲೆಕ್ಕವೂ ಎಡಕ್ಕೇ ಹೆಚ್ಚು ಒಲಿದಿದ್ದರಿಂದ ಒಪ್ಪಿದೆ. ಅವರ ಹಳೆಯ ಪೆಟ್ಟಿಗೆಯಿಂದ ಹೊಲಿಗೆ ಬಿಚ್ಚುವ ಸಣ್ಣ ಚಾಕು ತಂದು, ಬೈಕಿನ ಅಡಿ ಹಾಳೆ ಹಾಸಿ, ಅಂಗಾತ ಮಲಗಿದೆ. ಮೇಣ ಸವರಿದ ದಾರ ಒಂದೊಂದೇ ಗಂಟಿನಲ್ಲಿ ಟಕ್ ಟಕ್ ಎಂದು ತುಂಡಾಯಿತು. ಎರಡು ಹೊಲಿಗೆಯ ನಡುವಿನ ಅಂತರ ಅಳತೆಪಟ್ಟಿ ಇಟ್ಟು ಗೀಚಿದಂತಿತ್ತು. ಕತ್ತರಿಸಲು ನಿಜಕ್ಕೂ ಸಂಕಟವಾಯಿತು. ರೆಕ್ಸಿನ್ ತೆರೆದುಕೊಂಡಿತು, ಉಣ್ಣೆಬಟ್ಟೆ ಒಣ ಧೂಳು ಉದುರಿಸುತ್ತ ಕಳಚಿತು.

ಒಳಗೆ ಕೊಳವೆ ಅಂಗಡಿಯಿಂದ ಆಗಷ್ಟೇ ತಂದಂತೆ ಹೊಳೆಯುತ್ತಿತ್ತು. ಕಪ್ಪು ಬಣ್ಣದಲ್ಲಿ ನನ್ನ ಬೆರಳಿನ ನೆರಳು ಕಂಡಿತು. ಗ್ಯಾರೇಜಿನವರು ಎಬ್ಬಿಸಿದ ಜಾಗಕ್ಕೆ ಮಾವ ಹಚ್ಚಿದ ಬಣ್ಣದ ತೇಪೆ ಮಾತ್ರ ಒಂದು ಕಡೆ ತುಸು ಮಬ್ಬಾಗಿತ್ತು. ಬಿರುಕಿಲ್ಲ, ನೆಗ್ಗಿಲ್ಲ, ತುಕ್ಕಿಲ್ಲ. ಉದ್ದಕ್ಕೂ ಉಗುರಿನಿಂದ ತಟ್ಟಿದೆ. ಗಂಟೆಯಂತೆ ಟಣ್ ಎಂದಿತು.

ಹೊರಗೆ ಬಂದು, "ಏನೂ ಇಲ್ಲ," ಎಂದೆ. ಕೂದಲಿಗೆ ಧೂಳು ಮೆತ್ತಿತ್ತು. ಮಾವನ ಮುಖ ನೋಡಲಾಗಲಿಲ್ಲ. ಸುಮ್ಮಸುಮ್ಮನೆ ಅವರ ಕೈ ಗಟ್ಟಿಯಿದ್ದ ಕಾಲದ ಕೆಲಸವೊಂದನ್ನು ಕತ್ತರಿಸಿದ್ದೆ.

"ನೋಡಿದ್ರಾ? ಅಪ್ಪನ ಕೈ ಅಂದ್ರೆ ಅದು," ಎಂದಳು ಗುಬ್ಬಿ. ಹಿಂದೆಯೇ ನನ್ನ ಭುಜ ಮುಟ್ಟಿ, "ಇರಲಿ ಬಿಡಿ ಅತ್ತಿಗೆ, ನಿಮ್ಮ ಸಮಾಧಾನಕ್ಕಾಯ್ತು," ಎಂದಳು. ಚಕ್ರ ಬಿಚ್ಚಲು ಸ್ಪ್ಯಾನರಿಗೆ ಕೈ ಚಾಚಿದಳು. ಗಂಡ ಕೊಟ್ಟರು. ಎಲ್ಲರಿಗೂ ವಿಷಯ ಮುಗಿದಿತ್ತು.

ನನಗೆ ಮುಗಿದಿರಲಿಲ್ಲ. ನಮ್ಮ ಲ್ಯಾಬಿನಲ್ಲಿ 'ಪತ್ತೆಯಾಗಿಲ್ಲ' ಎಂದು ಬರೆಯುತ್ತೇವೆ, 'ಇಲ್ಲ' ಎಂದು ಬರೆಯುವುದಿಲ್ಲ. ನಾನು ನೋಡಿದ್ದು ಒಂದು ಕೊಳವೆ. ಶಬ್ದಕ್ಕೆ ಇನ್ನೂ ವಾರಸುದಾರ ಸಿಕ್ಕಿರಲಿಲ್ಲ. ಆದರೆ ಬಲದ್ದನ್ನೂ ಬಿಚ್ಚಿ ಎಂದು ಯಾವ ಬಾಯಲ್ಲಿ ಕೇಳಲಿ? ಅದು ಗುಬ್ಬಿಯ ಮೊದಲ ಹೊಲಿಗೆ. ಎಡದ್ದು ಇಷ್ಟು ಚೆನ್ನಾಗಿದ್ದ ಮೇಲೆ ಬಲದ್ದರ ಮೇಲೆ ಅನುಮಾನ ಪಡುವುದೆಂದರೆ, ನಿನ್ನ ಕೆಲಸ ಅಪ್ಪನಷ್ಟು ಒಳ್ಳೆಯದಲ್ಲ ಎಂದು ಅವಳ ಮುಖಕ್ಕೇ ಹೇಳಿದಂತೆ.

ಮಾವನ ಕಡೆ ನೋಡಿದೆ. ಗೆದ್ದವರ ಮುಖ ಹೀಗಿರುವುದಿಲ್ಲ. ಅವರು ನಾನು ಬಿಸಾಡಿದ ಉಣ್ಣೆಬಟ್ಟೆಯನ್ನು ಎತ್ತಿಕೊಂಡು, ಎರಡು ಬೆರಳ ನಡುವೆ ಹಿಡಿದು ಉಜ್ಜುತ್ತಿದ್ದರು. ಒಣಗಿದೆಯೇ ಎಂದು ನೋಡುವಂತೆ. ಹಾಗೇ ಉಜ್ಜುತ್ತ ಶೆಡ್ಡಿನ ನೆಲ ನೋಡಿದರು, ಬಲಕ್ಕೆ ವಾಲಿದ ಹ್ಯಾಂಡಲ್ ನೋಡಿದರು, ಕೊನೆಗೆ ಚಕ್ರದ ನಟ್ಟಿಗೆ ಮೈಭಾರವನ್ನೆಲ್ಲ ಹಾಕುತ್ತಿದ್ದ ಮಗಳನ್ನು ನೋಡಿದರು.

"ನಿಲ್ಲಿಸೇ," ಎಂದರು.

"ಇನ್ನೊಂದು ಚೂರಪ್ಪ, ಬಂತು."

"ನಿಲ್ಲಿಸು ಅಂದೆ. ಮೇಲೆ ಭಾರ ಹಾಕಬೇಡ." ನನ್ನ ಕಡೆ ಕೈ ಚಾಚಿದರು. "ಚಾಕು ಕೊಡಮ್ಮ."

ಅವರು ಬಲಗಡೆ ಕೂತು, ಕವರಿಗೆ ಕೈ ಹಾಕಿದರು. ನಡುಗುವ ಕೈ. ಗುಬ್ಬಿ, "ಅಪ್ಪ, ಅದು ನಂದು," ಎಂದಳು. ಹೊಲಿಗೆ ಎಂಜಿನ್ನಿನ ಕಡೆಗೆ, ಕೊಳವೆಯ ಮೇಲ್ಭಾಗದಲ್ಲಿತ್ತು. ಆ ಸಂದಿಗೆ ಅವರ ಬೆರಳು ಹೋಗಲಿಲ್ಲ, ಚಾಕು ಹೋಗಲಿಲ್ಲ. ಮೂರು ಸಲ ಪ್ರಯತ್ನಿಸಿ, ನಿಟ್ಟುಸಿರು ಬಿಟ್ಟು, ರೆಕ್ಸಿನ್ನಿನ ಹೊಟ್ಟೆಯನ್ನೇ ಕೆಳಗಿನಿಂದ ಉದ್ದಕ್ಕೆ ಸೀಳಿದರು.

ಮೊದಲು ಒಂದಿಷ್ಟು ಕಂದು ನೀರು ಹಾಳೆಯ ಮೇಲೆ ತೊಟ್ಟಿಕ್ಕಿತು. ಆಮೇಲೆ ವಾಸನೆ, ಬಾವಿಯ ತಳದ್ದು. ಉಣ್ಣೆಬಟ್ಟೆ ಕೊಳೆತು ಕೆಸರಾಗಿತ್ತು. ಅದರ ಹಿಂದೆಯೇ ತುಕ್ಕು, ಪುಡಿಯಾಗಿ ಅಲ್ಲ, ಪದರ ಪದರವಾಗಿ, ಮರದ ತೊಗಟೆಯಂತೆ ಉದುರಿತು. ಹಲಗೆ ಒತ್ತಿದ್ದ ಜಾಗದಲ್ಲಿ ಕೊಳವೆ ಒಳಕ್ಕೆ ಕುಸಿದಿತ್ತು. ಅಲ್ಲಿ ನನ್ನ ಹೆಬ್ಬೆರಳು ಹಿಡಿಸುವಷ್ಟು ತೂತು, ಅಂಚೆಲ್ಲ ಕಾಗದದಷ್ಟು ತೆಳು.

ಶಬ್ದ ಮತ್ತೆ ಯಾಕೆ ಬರಲಿಲ್ಲ ಎಂದು ಆಗ ತಿಳಿಯಿತು. ಅದನ್ನು ಮಾಡುವ ವಸ್ತುವೇ ಆ ಒಂದು ಸಲಕ್ಕೆ ಮುಗಿದುಹೋಗಿತ್ತು. ನಾನು ಲೆಕ್ಕ ಹಾಕಿದ ಭಾರ ಎಡಕ್ಕೇ ಬಿದ್ದಿತ್ತು, ಎಡದ್ದು ಹೊತ್ತುಕೊಂಡಿತ್ತು. ಕಡಿಮೆ ಭಾರವನ್ನೂ ಬಲದ್ದು ಹೊರಲಾರದೆ ಹೋಗಿತ್ತು.

ಗುಬ್ಬಿ ಮಂಡಿಯೂರಿ, ಆ ತೂತನ್ನೂ ಸೀಳಿದ ಕವರನ್ನೂ ಒಂದರ ನಂತರ ಒಂದು ನೋಡಿದಳು. ಹೊಲಿಗೆ ಇನ್ನೂ ಗಟ್ಟಿಯಾಗಿಯೇ ಇತ್ತು. ಒಂದೂ ಗಂಟು ಸಡಿಲವಾಗಿರಲಿಲ್ಲ.

"ಹೊಲಿಗೆ ಮೇಲಕ್ಕಿದೆ," ಎಂದಳು ನಿಧಾನಕ್ಕೆ. "ನಿಂದು ಕೆಳಕ್ಕಿತ್ತು."

"ಹೂಂ."

"ಮಳೆನೀರು ಹೊಲಿಗೆ ತೂತಿಂದ ಇಳಿದು ಒಳಗೇ ನಿಂತಿದೆ. ನಿಂದರಲ್ಲಿ ಬಂದಿದ್ದೆಲ್ಲ ಕೆಳಗೆ ಹೋಗಿದೆ."

"ಹೂಂ."

"ನಾನು ಹೊಲಿಗೆ ಕಾಣಬಾರದು ಅಂತ ಮೇಲಕ್ಕಿಟ್ಟೆ. ನೀನೇ ಹೇಳಿಕೊಟ್ಟಿದ್ದು."

"ಕುರ್ಚಿಗೆ ಹೇಳಿಕೊಟ್ಟಿದ್ದು ಕಣೇ," ಎಂದರು ಮಾವ. "ಕುರ್ಚಿ ಮಳೇಲಿ ಓಡಾಡಲ್ಲ."

"ಹಾಗಾದ್ರೆ ಅವತ್ತೇ ಗೊತ್ತಿತ್ತಾ ನಿನಗೆ?"

ಮಾವ ಚಾಕುವನ್ನು ಪಂಚೆಗೆ ಒರೆಸಿದರು. "ಹೊಲಿಗೆ ಚೆನ್ನಾಗಿತ್ತು. ಸುಳ್ಳು ಹೇಳಿಲ್ಲ ನಾನು. ಜಾಗ ತಪ್ಪಿತ್ತು, ಅಷ್ಟೇ. ನೀನು ಸಂಜೆವರೆಗೆ ಆ ಸಂದೀಲಿ ಕೈ ತೂರಿಸಿಕೊಂಡು ಕೂತಿದ್ದೆ. ಬೆರಳೆಲ್ಲ ರಕ್ತ. ಮುಗಿಸಿ ಎದ್ದು ನನ್ನ ಮುಖ ನೋಡಿದೆ. ಮುಂದಿನ ಮಳೆ ಹೊತ್ತಿಗೆ ತಿರುಗಿಸಿ ಹೊಲಿಯೋಣ ಅಂದ್ಕೊಂಡೆ. ಅಷ್ಟರಲ್ಲಿ ಬಂದವರಿಗೆಲ್ಲ ತೋರಿಸೋಕೆ ಶುರು ಮಾಡಿದ್ರಿ."

ಅವರ ಅಷ್ಟೂ ಕಾರಣಗಳು ನನ್ನ ತಲೆಯಲ್ಲಿ ಒಂದೊಂದಾಗಿ ಹಿಂದಕ್ಕೆ ತಿರುಗಿದವು. ಎಡದ್ದು ಬಿಚ್ಚಿ ಎಂದದ್ದೂ ಸೇರಿ. ಎಡದ್ದು ಚೆನ್ನಾಗಿದ್ದರೆ ಬಲದ್ದೂ ಹಾಗೇ ಇರಬಹುದು ಎಂಬ ಆಸೆಗೋ, ನಮ್ಮನ್ನು ಅಲ್ಲಿಗೇ ನಿಲ್ಲಿಸಲೋ? ಅದು ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಅವರಿಗೂ ಇರಲಿಕ್ಕಿಲ್ಲ. ಎಡದ ಒಣ ಉಣ್ಣೆಯನ್ನು ಬೆರಳಲ್ಲಿ ಹಿಡಿದ ಮೇಲಷ್ಟೇ, ಬಲದ್ದು ಹೀಗಿರಲಾರದು ಎಂದು ಅವರ ಬೆರಳು ಅವರಿಗೆ ಹೇಳಿತ್ತು.

ಬೈಕನ್ನು ಇಳಿಸುವುದೇ ಒಂದು ಸಾಹಸವಾಯಿತು. ಬಲದ ಕೊಳವೆಯ ಮೇಲೆ ಇನ್ನು ಭಾರ ಹಾಕುವಂತಿರಲಿಲ್ಲ. ಗಂಡ ಹಿಂದೆ, ನಾನು ಮುಂದೆ ಹಿಡಿದು, ಗುಬ್ಬಿ ಜಾಕನ್ನು ತಿರುಗಿಸುತ್ತ, ಇಟ್ಟಿಗೆಯ ಮೇಲೆ ಬೇರೊಂದು ಸಣ್ಣ ಹಲಗೆ ಇಟ್ಟು ಎಡದ ಆಸರೆಯಲ್ಲೇ ನಿಲ್ಲಿಸಿದೆವು. ಬಲಕ್ಕೆ ವಾಲದಂತೆ ಮಾವ ಒಳಗಿನಿಂದ ಸೋಫಾದ ದಿಂಬು ತಂದು ಒತ್ತಿದರು. ದಿಂಬಿಗೆ ಕವರು, ಕವರಿಗೆ ಇನ್ನೊಂದು ಕವರು.

ಗುಬ್ಬಿ ಹೊರಗೆ ಹೋಗಿ ತನ್ನ ಮೇಲಧಿಕಾರಿಗೆ ಫೋನ್ ಮಾಡಿದಳು. ಗಾಡಿ ಸರಿಯಾಗುವ ತನಕ ಬಸ್ಸಿನಲ್ಲಿ ಬರುವೆ, ಹತ್ತಿರದ ಕೊಟ್ಟಿಗೆಗಳನ್ನಷ್ಟೇ ಕೊಡಿ ಎಂದು ಕೇಳುವುದು ಕೇಳಿಸಿತು. ಒಳಗೆ ಬಂದಾಗ ಮುಖ ಕೆಂಪಾಗಿತ್ತು. ಕೋಪವೋ ಅವಮಾನವೋ ಹೇಳುವಂತಿರಲಿಲ್ಲ.

"ಒಪ್ಪಿದ್ರಾ?" ಎಂದೆ.

"ಒಪ್ಪಿದ್ರು, ಗೊಣಗಿಕೊಂಡು." ಅವಳು ತನ್ನ ಕವರಿನ ತುಂಡನ್ನು ಎತ್ತಿಕೊಂಡು, ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸಿದಳು. "ವೆಲ್ಡಿಂಗ್ ಮಾಡಿಸಿದ ಮೇಲೆ ಇದಕ್ಕೆ ಕವರ್ ಬೇಡ. ಬಣ್ಣ ಸಾಕು. ಗೀರು ಬಿದ್ರೆ ಕಾಣಲಿ."

"ಸರಿ," ಎಂದರು ಮಾವ.

"ಅಪ್ಪ."

"ಏನು?"

"ಇನ್ನೇನೇನು ಹೀಗೆ ಚೆನ್ನಾಗಿದೆ ಅಂತ ಹೇಳಿ ಬಿಟ್ಟಿದೀಯ?"

ನಾವು ನಗುತ್ತೇವೆ ಎಂದುಕೊಂಡೆ. ನನ್ನ ಗಂಡನ ಬಾಯಿ ಅರ್ಧ ತೆರೆದಿತ್ತು ಕೂಡ. ಆದರೆ ಮಾವ ಅದನ್ನು ನಿಜವಾದ ಪ್ರಶ್ನೆಯಂತೆ ತೆಗೆದುಕೊಂಡರು. ಸ್ಟೂಲಿನ ಮೇಲೆ ಕೂತು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಹಾಗೆ ಹೇಳಿ ಬಿಟ್ಟವನ್ನು ಒಂದೊಂದಾಗಿ ನೆನೆಯತೊಡಗಿದರು. ಮೊದಲು ಮಗಳನ್ನು ನೋಡಿದರು. ಆಮೇಲೆ ಮಗನನ್ನು ನೋಡಿದರು. ಮಗ ಸ್ಪ್ಯಾನರನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

ಮಾವನ ಕಣ್ಣು ನನ್ನ ಕಡೆ ತಿರುಗುವ ಮೊದಲೇ ನಾನು ಹಲಗೆಯ ರಬ್ಬರನ್ನು ಕಿತ್ತು, ಜಾಕನ್ನು ಎತ್ತಿಕೊಂಡು, ಎದುರುಮನೆಗೆ ಹಿಂತಿರುಗಿಸಲು ಹೊರಟೆ.